ಬಾಯಿ ಬಿಡದ ಸೀಡಿ

ಕೈಗೆ ತೆಗೆದುಕೊಳ್ಳುವಾಗಲೇ ತಿಪ್ಪಕ್ಕನಿಗೆ ಆ ಸೀಡಿಯ ಮೇಲೆ ನಂಬಿಕೆ ಹುಟ್ಟಲಿಲ್ಲ. ಐಮಂಗಲದ ಆಚೆ ಬೈಪಾಸ್ ರಸ್ತೆ ಮಾಡಲು ಬಂದಿದ್ದ ಕಂಪನಿಯ ಓವರ್‌ಸಿಯರ್ ಮೋಹನ್‌ಕುಮಾರ್ ಅದನ್ನು ನಗುತ್ತಾ ಕೊಟ್ಟಿದ್ದ. ಕೇಳಿದ ತಕ್ಷಣ ಕೊಡುವವನನ್ನೂ ಕೊಡುವಾಗ ನಗುವವನನ್ನೂ ಎರಡು ಸಲ ನೋಡಬೇಕು ಎಂಬುದು ಅವಳು ದನದ ಸಂತೆಯಲ್ಲಿ ಕಲಿತ ವಿದ್ಯೆ.

"ನಿಮ್ಮ ಕುಡಿಯೋ ನೀರಿನ ಬಾವಿ ಬಿಟ್ಟೇ ರಸ್ತೆ ಎಳೆದಿದ್ದೀವಮ್ಮ. ನಕ್ಷೆ ಇದರೊಳಗಿದೆ. ಆದ್ರೆ ನಮ್ಮ ಸಾಫ್ಟ್‌ವೇರ್ ಇಲ್ದೆ ಇದು ತೆರೆಯೋದಿಲ್ಲ" ಎಂದಿದ್ದ. ಜೊತೆಗೆ ಒಂದು ಮಸುಕು ಜೆರಾಕ್ಸ್ ಹಾಳೆ. ಅದರಲ್ಲಿ ಹೆದ್ದಾರಿ ಸೇತುವೆ ಬಿಟ್ಟರೆ ಮಿಕ್ಕಿದ್ದೆಲ್ಲ ಮಸಿ.

"ಬೀಗ ಹಾಕಿದ ಪೆಟ್ಟಿಗೆ ಕೊಟ್ಟು ಒಳಗೆ ಬಂಗಾರ ಐತೆ ಅಂದಂಗಾತು" ಎಂದು ತಿಪ್ಪಕ್ಕ ಗೊಣಗಿದಳು.

ಅವಳ ಕೇರಿಗೆ ಬಾವಿಗಳು ಎರಡು. ಹಳ್ಳದ ಮಗ್ಗುಲಿನ ದೊಡ್ಡ ಬಾವಿಯದು ಉಪ್ಪುಪ್ಪಾದ ಸವುಳು ನೀರು, ಬಟ್ಟೆಗೂ ದನಕ್ಕೂ ಸರಿ. ಕುಡಿಯುವ ಸೀನೀರು ಬಾವಿ ಇದ್ದದ್ದು ಹೊಲಗಳ ನಡುವೆ, ಬಂಡೆಯ ಸಂದಿನಲ್ಲಿ. ಬೋರ್‌ವೆಲ್ ನೀರಿಗೆ ಹಲ್ಲು ಕಂದಿ ಮೊಣಕಾಲು ಸೊಟ್ಟಗಾಗುವ ಆ ಸೀಮೆಯಲ್ಲಿ ಕೇರಿಯ ಮಕ್ಕಳು ಬಿಳಿ ಹಲ್ಲು ಬಿಟ್ಟು ನಗುತ್ತಿದ್ದರೆ ಅದು ಆ ಬಾವಿಯ ಪುಣ್ಯ. ಹಿಂದೆ ಟ್ಯಾಂಕರಿನವರು ಬಂದು ಅದನ್ನು ತಳ ಕಾಣುವಂತೆ ಬಳಿದುಕೊಂಡು ಹೋಗಿದ್ದರು. ಅವತ್ತಿನಿಂದ ಅದರ ಬಾಯಿಗೆ ಸದಾ ಜಾಲಿಮುಳ್ಳು. ಪರವೂರಿನವರು ಕೇಳಿದರೆ ಅದರ ಸುದ್ದಿ ಎತ್ತಬಾರದೆಂಬುದು ಕೇರಿಯ ಕಟ್ಟಳೆ.

ಮರುದಿನ ತಿಪ್ಪಕ್ಕ ನೆರೆಮನೆಯ ಮುದ್ದಣ್ಣನನ್ನು ಎಬ್ಬಿಸಿಕೊಂಡು ಹಿರಿಯೂರಿನ ಬಸ್ಸು ಹತ್ತಿದಳು. ಅಲ್ಲಿ ಅವಳ ಅಣ್ಣನ ಮಗಳು ಸುಮಿತ್ರಾ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟಿದ್ದಳು.

"ಇದು ಹಾಡಿನ ಸೀಡಿ ಇರ್ಬೇಕಕ್ಕ. ಹಾಕಿದ್ರೆ ಬೈಪಾಸ್ ಬದ್ಲು ಭಜನೆ ಬರ್ತೈತೆ ನೋಡು" ಎಂದ ಮುದ್ದಣ್ಣ.

ಭಜನೆ ಬರಲಿಲ್ಲ. ಇಲಿ ಕಡಿದು ಉಗಿದಂಥ ಅಕ್ಷರಗಳು ಪರದೆಯ ತುಂಬಾ ಹರಡಿಕೊಂಡವು. ಮೊದಲಿಗೆ ಕಂಪನಿಯ ಹೆಸರಿನ ನಾಲ್ಕಕ್ಷರ, ಆಮೇಲೆ ಬರೀ ಕಸ.

"ಬೀಗ ಹಾಕಿಲ್ಲ ಅತ್ತೆ" ಎಂದಳು ಸುಮಿತ್ರಾ. "ಇದೆಲ್ಲ ಜಾಗದ ಅಂಕಿ. ಯಾವ ಅಂಕಿ ಎಲ್ಲಿ ಶುರುವಾಗಿ ಎಲ್ಲಿ ಮುಗೀತೈತೆ ಅಂತ ಅವರಿಗಷ್ಟೇ ಗೊತ್ತು."

"ಸಂತೇಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳ್ದಂಗೆ?"

"ಹೂಂ, ಹಂಗೇ."

"ಹಂಗಾದ್ರೆ ಬೆಲೆ ಮೊದ್ಲೇ ಗೊತ್ತಿರೋ ಒಂದು ವ್ಯಾಪಾರ ನೋಡ್ಬೇಕು ಕಣೇ. ಆಮೇಲೆ ಬೆರಳು ತಾನೇ ಮಾತಾಡ್ತೈತೆ."

"ನಾನೂ ಅದನ್ನೇ ಹುಡುಕ್ತಿದೀನಿ. ಆ ಜೆರಾಕ್ಸ್ ಕೊಡು."

ಹಾಳೆಯ ಮೂಲೆಯಲ್ಲಿ ಸೇತುವೆ ಇರುವ ಜಾಗದ ಅಂಕಿ ಅಚ್ಚಾಗಿತ್ತು. ಕಂಪ್ಯೂಟರು ಅಂಕಿ ಬರೆದುಕೊಳ್ಳುವ ಒಂದೊಂದೇ ಬಗೆಯಲ್ಲಿ ಸುಮಿತ್ರಾ ಅದನ್ನು ಬರೆದು ಫೈಲಿನೊಳಗೆ ಹುಡುಕಿದಳು. ಸಿಗಲಿಲ್ಲ. ಕರೆಂಟು ಹೋಯಿತು, ಚಹಾ ಬಂತು, ಕರೆಂಟೂ ಬಂತು. ಕೊನೆಗೆ ಅದನ್ನೇ ಹಿಂದುಮುಂದು ಮಾಡಿ ಹುಡುಕಿದಾಗ ಪರದೆಯ ಮೇಲೆ ಒಂದು ಸಾಲು ಮಿನುಗಿತು.

"ತಿರುವಿ ಬರೆದಿದಾರೆ!"

"ಕಳ್ಳ ಕೆರ ಹಿಂದುಮುಂದು ಮೆಟ್ಕಂಡು ಹೋದಂಗೆ" ಎಂದ ಮುದ್ದಣ್ಣ. ತಿಪ್ಪಕ್ಕ ತಲೆ ಆಡಿಸಿದಳು. ಅನುಮಾನ ಈಗ ಗಟ್ಟಿಯಾಯಿತು.

"ಅಯ್ಯೋ, ಎಷ್ಟೋ ಯಂತ್ರಗಳು ಬರೆಯೋದೇ ಹಂಗೆ" ಎಂದು ಸುಮಿತ್ರಾ ನಕ್ಕಳು. ಒಂದು ಅಂಕಿ ಸಿಕ್ಕ ಮೇಲೆ, ಅಷ್ಟಷ್ಟೇ ದೂರಕ್ಕೆ ಮುಂದಿನವೂ ಸಾಲುಗಟ್ಟಿ ಸಿಕ್ಕವು. ಅವನ್ನೆಲ್ಲ ಚುಕ್ಕಿಯಾಗಿ ಇಟ್ಟಳು. ಹೆದ್ದಾರಿ ಮೂಡಿತು, ಹಳ್ಳ ಮೂಡಿತು. ಹಳ್ಳದ ಹತ್ತಿರ ಬಂದ ಬೈಪಾಸು, ಎಮ್ಮೆಯನ್ನು ಕಂಡು ಪಕ್ಕಕ್ಕೆ ಸರಿದ ಸೈಕಲ್ಲಿನ ಹಾಗೆ, ಒಂದು ಚುಕ್ಕಿಯನ್ನು ಬಳಸಿ ಹೋಗಿತ್ತು. ಆ ಚುಕ್ಕಿಗೆ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ.

"ಕುಡಿಯುವ ನೀರಿನ ಬಾವಿ, ಮುಟ್ಟಬಾರದು ಅಂತ ಬರೆದಿದಾರೆ" ಎಂದು ಸುಮಿತ್ರಾ ಓದಿದಳು. "ನೋಡತ್ತೆ, ಆ ಮನುಷ್ಯ ಸುಳ್ಳು ಹೇಳಿಲ್ಲ."

ತಿಪ್ಪಕ್ಕ ಪರದೆಯ ಹತ್ತಿರಕ್ಕೆ ಬಗ್ಗಿದಳು. ಹಳ್ಳದ ಮಗ್ಗುಲಿಗಿದ್ದ ಚುಕ್ಕಿ ಅದು. ಸವುಳು ಬಾವಿ! ಅದಕ್ಕೆ ದಾರಿ ಬಿಟ್ಟು ಸರಿದ ರಸ್ತೆ ನೆಟ್ಟಗೆ ಹೊಲಗಳ ನಡುವಿನ ಬಂಡೆಯ ಮೇಲೆ ಹಾದುಹೋಗಿತ್ತು. ಸೀನೀರು ಬಾವಿ ಇದ್ದದ್ದೇ ಅಲ್ಲಿ, ಆದರೆ ಅಲ್ಲಿ ಚುಕ್ಕಿಯೇ ಇರಲಿಲ್ಲ.

"ಅಳೆಯೋರು ಬಂದಾಗ ಕುಡಿಯೋ ಬಾವಿ ಯಾವ್ದು ಅಂತ ಕೇಳಿದ್ರಲ್ಲ ಮುದ್ದ..."

"ಹಳ್ಳದ್ದು ಅಂದ್ವಿ. ಇಡೀ ಕೇರಿ ಒಂದೇ ಬಾಯಲ್ಲಿ ಅಂದ್ವಿ" ಎಂದ ಮುದ್ದಣ್ಣ. ಅವನ ತಮಾಷೆ ಅಲ್ಲಿಗೆ ನಿಂತಿತು. "ಈಗೇನಕ್ಕ?"

"ಇನ್ನೇನು, ಕಟ್ಟಳೆ ಮುರಿಯೋದು. ಮುಚ್ಚಿಟ್ರೆ ಮಣ್ಣು ಮುಚ್ಚುತಾರೆ. ಎದ್ದೇಳು, ಹೋಗಾಣ."

ತಿಪ್ಪಕ್ಕ ಹೋಗಿ ಕರೆದಾಗ ಮೋಹನ್‌ಕುಮಾರ್ ಬಂದ. ಆದರೆ ಈಗ ಅನುಮಾನದ ಸರದಿ ಅವನದು. ಬಂಡೆಯ ಹತ್ತಿರ ಸೊಂಟಕ್ಕೆ ಕೈಯಿಟ್ಟು ನಿಂತ.

"ಅವತ್ತು ಅದು ಅಂದ್ರಿ, ಇವತ್ತು ಇದು ಅಂತೀರಿ. ಈ ಹೊಲ ಯಾರದಮ್ಮ? ಹೊಲ ಉಳಿಸ್ಕೊಳ್ಳೋಕೆ ಬಾವಿ ಹುಟ್ಟಿಸ್ತಿದೀರಾ?"

"ಕುಂತ್ಕಳ್ರಿ ಸ್ವಾಮಿ" ಎಂದಳು ತಿಪ್ಪಕ್ಕ. ಹಳ್ಳದ ಬಾವಿಯಿಂದ ತಂದಿದ್ದ ಚೊಂಬನ್ನು ಮೊದಲು ಕೊಟ್ಟಳು. ಒಂದು ಗುಟುಕಿಗೇ ಅವನು ಮುಖ ಹಿಂಡಿ ಉಗಿದ. ಆಮೇಲೆ ಅವಳು ಕೋಲಿನಿಂದ ಜಾಲಿಮುಳ್ಳು ಸರಿಸಿ, ಹಗ್ಗ ಬಿಟ್ಟು ಸೇದಿ, ಇನ್ನೊಂದು ಚೊಂಬು ಕೊಟ್ಟಳು. ಅವನು ಪೂರ್ತಿ ಕುಡಿದ. ಖಾಲಿ ಚೊಂಬು ಮತ್ತೆ ಮುಂದೆ ಬಂತು.

"ಇಂಥ ನೀರಿಟ್ಕೊಂಡು ಆ ಉಪ್ಪುನೀರು ತೋರಿಸಿದ್ರಲ್ಲಮ್ಮ! ಗೂಟ ಹೊಡೆಯೋಕೆ ಮುಂಚೆ ಹೇಳಿದ್ರಿ, ಬಚಾವಾಯ್ತು. ಲೈನ್ ತಿರುಗಿಸ್ತೀನಿ."

"ಹೊಸ ಸೀಡಿ ನಂಗೂ ಒಂದು ಕೊಡ್ರಿ."

"ಇನ್ನೂ ನಂಬಿಕೆ ಇಲ್ವಾ?"

"ನೀರು ಕೊಟ್ಟಿದ್ದು ನಂಬಿಕೇನೇ. ಸೀಡಿ ನಮ್ಮ ಹುಡುಗಿ ನೋಡ್ತಾಳೆ" ಎಂದಳು. ಅವನು ಎದ್ದಾಗ ದನಿ ತಗ್ಗಿಸಿ ಸೇರಿಸಿದಳು: "ಈ ಬಾವಿ ಸುದ್ದಿ ಯಾರ ಹತ್ರಾನೂ ಎತ್ತಬ್ಯಾಡ್ರಿ." ಅವನು ಹೆದ್ದಾರಿ ತಲುಪುವ ಮೊದಲೇ ಮುಳ್ಳು ತನ್ನ ಜಾಗಕ್ಕೆ ಸರಿದಿತ್ತು.

ಹೊಸ ಸೀಡಿ ಬಂದಾಗ ತಿಪ್ಪಕ್ಕನಿಗೆ ಹೊಸ ದಿಗಿಲು. ಸುಮಿತ್ರಾ ತೆರೆದಳೆಂದರೆ ಇನ್ನೊಬ್ಬರೂ ತೆರೆದಾರು. ಸೀನೀರು ಎಂದು ಬರೆದುಬಿಟ್ಟಿದ್ದರೆ ಟ್ಯಾಂಕರಿನವರಿಗೆ ದಾರಿ ತೋರಿಸಿದಂತೆಯೇ. ಮುದ್ದಣ್ಣನ ಜೊತೆ ಮತ್ತೆ ಸುಮಿತ್ರಾಳ ಅಂಗಡಿಗೆ ಹೋದಳು. ಪರದೆಯ ಮೇಲೆ ಚುಕ್ಕಿಗಳು ಮೂಡಿದವು. ರಸ್ತೆ ಬಂಡೆಯನ್ನು ದೂರದಿಂದಲೇ ಬಳಸಿ ಹೋಗಿತ್ತು.

"ಅಲ್ಲೇನು ಬರೆದವ್ನೆ, ಬೇಗ ಓದೇ."

ಸುಮಿತ್ರಾ ಕಣ್ಣು ಕಿರಿದಾಗಿಸಿ ಓದಿದಳು: "ಗಟ್ಟಿ ಬಂಡೆ, ಒಡೆಯಲಾಗದು. ಪಕ್ಕದಲ್ಲಿ ಹಾಳುಬಾವಿ, ಉಪ್ಪುನೀರು."

ತಿಪ್ಪಕ್ಕ ಸೆರಗು ಬಾಯಿಗಿಟ್ಟು ನಕ್ಕಳು. "ಲೇ ಮುದ್ದ, ಆವಯ್ಯ ನಮ್ಮ ಕೇರಿಯವನೇ ಆಗಿಬಿಟ್ಟ ನೋಡೋ!"