ಅಡುಗೆಮನೆಯ ಕಾವುಪೆಟ್ಟಿಗೆ

ಕೋಳಿ ಸಾಕುವವರಿಗೆಲ್ಲ ಗೊತ್ತಿರುವ ತಲೆನೋವು ಇದು. ಕೋಳಿ ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ. ಕೂತರೂ ನಾಲ್ಕು ದಿನಕ್ಕೆ ಬೇಜಾರಾಗಿ ಎದ್ದು ಹೋಗುತ್ತದೆ. ಮೊಟ್ಟೆಯೂ ತಣ್ಣಗಾಗುತ್ತದೆ, ಮರಿಯ ಆಸೆಯೂ ತಣ್ಣಗಾಗುತ್ತದೆ.

ಟೈಲರಮ್ಮನ ಮನೆಯಲ್ಲೂ ಹೀಗೇ ಆಗುತ್ತಿತ್ತು. ಬಟ್ಟೆ ಹೊಲಿಯುವುದು ಅವಳ ಕೆಲಸ, ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೂ ಟೈಲರಮ್ಮ ಎಂದೇ. ಗಂಡ ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು. ಕೈಗೆ ಸ್ಕ್ರೂಡ್ರೈವರ್ ಸಿಕ್ಕಿತೆಂದರೆ ಊಟದ ನೆನಪೂ ಇರದ ಮನುಷ್ಯ. ಅವರಿಗೆ ಒಬ್ಬಳೇ ಮಗಳು, ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮೈಕೈ ತುಂಬಿಕೊಂಡು ದುಂಡುದುಂಡಗೆ ಇದ್ದುದರಿಂದ ಎಲ್ಲರ ಬಾಯಲ್ಲೂ ಅವಳ ಹೆಸರು ಉಂಡೆ.

ಒಂದು ಸಂಜೆ ಗಂಡ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಅವುಚಿಕೊಂಡು ಬಂದ. ಮೇಲೆ ಪಾರದರ್ಶಕ ಮುಚ್ಚಳ, ಪಕ್ಕದಲ್ಲಿ ಶಾಖ ತೋರಿಸುವ ಪುಟ್ಟ ಪರದೆ.

"ಇನ್ಮೇಲೆ ಕೋಳಿ ಕಾಲು ಹಿಡಿಯೋದು ಬೇಕಾಗಿಲ್ಲ ಕಣೇ. ಇದು ಇನ್‌ಕ್ಯುಬೇಟರ್. ಇದೇ ಕಾವು ಕೊಡುತ್ತೆ, ಇದೇ ಮೊಟ್ಟೆ ಹೊರಳಿಸುತ್ತೆ. ನಾವು ನೀರು ಹಾಕಿ ಕಾಯೋದಷ್ಟೇ."

"ಎಲ್ಲಿಡ್ತೀರಿ?"

ಅವನು ಮನೆಯೆಲ್ಲ ಒಂದು ಸುತ್ತು ನೋಡಿದ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಬಟ್ಟೆಯ ರಾಶಿ. ಒಳಕೋಣೆಯಲ್ಲಿ ಮಗು ಮಲಗುತ್ತದೆ. ಉಳಿದದ್ದು ಅಡುಗೆಮನೆ. ಅಲ್ಲಿ ಪ್ಲಗ್ ಗಟ್ಟಿಯಾಗಿತ್ತು, ಗಾಳಿ ಬೀಸುತ್ತಿರಲಿಲ್ಲ. ಒಲೆಯ ಪಕ್ಕದ ಕಟ್ಟೆಯ ಮೇಲೆ, ತರಕಾರಿ ಹೆಚ್ಚುವ ಮಣೆಯನ್ನು ಅತ್ತ ಸರಿಸಿ, ಪೆಟ್ಟಿಗೆ ಇಟ್ಟೇಬಿಟ್ಟ. ಗೂಡಿನಿಂದ ಮೊಟ್ಟೆ ಆರಿಸಿ ತಂದು, ಒಂದೊಂದಾಗಿ ಜೋಡಿಸಿದ. ಕೆಲವಕ್ಕೆ ಹಿಕ್ಕೆ ಮೆತ್ತಿತ್ತು. ಅದನ್ನು ಉಗುರಿನಿಂದ ಕೆರೆದು, ಅದೇ ಕೈಯಲ್ಲಿ ಮಗಳಿಗೆ ಬಿಸ್ಕತ್ತು ಮುರಿದುಕೊಟ್ಟ.

ಮೊದಲು ನೋಡಿ ಹುಬ್ಬುಗಂಟಿಕ್ಕಿದವಳು ಲಸಿಕೆಯಕ್ಕ. ಮೂರನೇ ಮನೆಯವಳು. ಪಶು ಆಸ್ಪತ್ರೆಯಲ್ಲಿ ಕೆಲಸ, ಬೀದಿಬೀದಿ ಸುತ್ತಿ ದನಕ್ಕೂ ಕೋಳಿಗೂ ಲಸಿಕೆ ಹಾಕುತ್ತಾಳೆ. ರವಿಕೆ ಅಳತೆ ಕೊಡಲು ಬಂದವಳು ನೀರು ಕುಡಿಯಲೆಂದು ಒಳಗೆ ಬಂದು ಅಲ್ಲೇ ನಿಂತಳು.

"ಅಣ್ಣಾ, ಇದನ್ನ ಅಡುಗೆ ಮಾಡೋ ಕಟ್ಟೆ ಮೇಲೆ ಯಾಕೆ ಇಟ್ರಿ?"

"ಯಾಕಕ್ಕ, ಮೊಟ್ಟೆ ಅಡುಗೆಮನೇಲಿ ಇರಬಾರದಾ?" ಅವನು ನಕ್ಕ.

"ತಿನ್ನೋ ಮೊಟ್ಟೆ ಬೇಯಿಸ್ತೀವಿ ಅಣ್ಣ. ಇದು ಹಸಿ ಮೊಟ್ಟೆ, ಬೆಚ್ಚಗೆ ವಾರಗಟ್ಟಲೆ ಕೂತಿರುತ್ತೆ. ಸಿಪ್ಪೆ ಮೇಲೆ ರೋಗಾಣು ಇದ್ರೆ ಅದಕ್ಕೂ ಅದೇ ಶಾಖ ಹಿತ. ಮರಿ ಬಂದ ಮೇಲೆ ಅದರ ಮೈ ಮೇಲೆ, ಹಿಕ್ಕೇಲಿ, ಎಲ್ಲಾ ಕಡೆ ಇರುತ್ತೆ. ಮರಿಗೆ ಏನೂ ಆಗಿರಲ್ಲ, ಚಿಂವ್ ಚಿಂವ್ ಅಂತ ಓಡಾಡ್ಕೊಂಡಿರುತ್ತೆ. ಪುಟ್ಟ ಮಕ್ಕಳ ಹೊಟ್ಟೆಗೆ ಹೋದ್ರೆ ಮಾತ್ರ ಕಷ್ಟ."

"ಅಯ್ಯೋ, ನಾನು ಕೋಳಿ ಹಿಕ್ಕೆ ತುಳ್ಕೊಂಡೇ ಬೆಳೆದವನು. ನನಗೇನಾಗಿದೆ ಹೇಳಿ. ಗುಂಡುಕಲ್ಲಿನ ಹಾಗಿದೀನಿ."

"ನೀವು ಗುಂಡುಕಲ್ಲು. ಉಂಡೆ ಅಲ್ವಲ್ಲ," ಎಂದಳು ಲಸಿಕೆಯಕ್ಕ. ಅವಳು ನಗಲಿಲ್ಲ. "ಒಂದು ವಾರ ಆದ ಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಒಳಗೆ ನರ ಕವಲೊಡೆದಿದ್ರೆ ಮರಿ ಬೆಳೀತಿದೆ ಅಂತ. ಖಾಲಿ ಇದ್ರೆ, ಕೆಟ್ಟಿದ್ರೆ ತೆಗೆದುಬಿಡಿ. ಕೊಳೆತ ಮೊಟ್ಟೆ ಒಳಗೆ ಗಾಳಿ ತುಂಬಿ ಒಡೆಯುತ್ತೆ."

ಅವಳು ಹೋದ ಮೇಲೆ ಗಂಡ ಗೊಣಗಿದ. "ಇಡೀ ದಿನ ರೋಗದ ಕೋಳಿ ನೋಡಿ ನೋಡಿ ಅವಳಿಗೆ ಎಲ್ಲದರಲ್ಲೂ ರೋಗವೇ ಕಾಣುತ್ತೆ."

ಟೈಲರಮ್ಮನಿಗೆ ಮಾತ್ರ ಆವತ್ತಿನಿಂದ ಅಡುಗೆಮನೆಯಲ್ಲಿ ನೆಮ್ಮದಿ ಇರಲಿಲ್ಲ. ಅನ್ನಕ್ಕಿಡುವಾಗ ಪಕ್ಕದಲ್ಲಿ ಆ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಮಗುವಿನ ಬಟ್ಟಲನ್ನು ಅವಳು ಒಂದು ಸಲ ತೊಳೆದು, ಇಟ್ಟು, ಮತ್ತೆ ತೆಗೆದು ತೊಳೆಯುತ್ತಿದ್ದಳು. 'ಹೊರಗಿಡಿ' ಎಂದು ಹೇಳಲು ಬಾಯಿ ತೆರೆಯುವಳು. ಗಂಡ ಮುಚ್ಚಳಕ್ಕೆ ಮೂಗು ತಾಗಿಸಿ ಮಗುವಿನಂತೆ ನೋಡುತ್ತ ಕೂತಿರುವುದನ್ನು ಕಂಡು ಸುಮ್ಮನಾಗುವಳು.

ಟಾರ್ಚ್ ಹಿಡಿಯುವುದು ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು.

ಒಂದು ಮಧ್ಯಾಹ್ನ ಅವಳು ಮಿಷನ್ ತುಳಿಯುತ್ತಿದ್ದಾಗ ಒಳಗೆ ಟಪ್ ಎಂದು ಸದ್ದಾಯಿತು. ಹಿಂದೆಯೇ ವಾಸನೆ. ಕಣ್ಣಲ್ಲಿ ನೀರು ಬರುವಂಥ ವಾಸನೆ. ಅವಳು ಓಡಿಹೋಗುವಷ್ಟರಲ್ಲಿ ಗಂಡ ಮುಚ್ಚಳ ತೆಗೆದಾಗಿತ್ತು. ಕಪ್ಪು ಹಸಿರಿನ ಲೋಳೆ ಪೆಟ್ಟಿಗೆಯ ತುಂಬ ಸಿಡಿದು, ಕಟ್ಟೆಯ ಮೇಲೂ ಇಳಿದಿತ್ತು. ಅವನು ತಟ್ಟೆ ಒರೆಸುವ ಬಟ್ಟೆಯಿಂದಲೇ ಅದನ್ನೆಲ್ಲ ಒರೆಸಿ, ನಲ್ಲಿಯಡಿ ಹಿಂಡಿ, ಮತ್ತೆ ಅದೇ ಮೊಳೆಗೆ ನೇತುಹಾಕಿದ.

"ರೀ! ಅದರಲ್ಲಿ ಮಗು ತಟ್ಟೆ ಒರೆಸ್ತೀನಿ!"

"ತೊಳೆದೆನಲ್ಲೇ."

ಅವಳು ಬಟ್ಟೆ ಕಿತ್ತುಕೊಂಡು ಹೊರಗೆಸೆದಳು. ಕಟ್ಟೆಯನ್ನು ಸೋಪು ಹಾಕಿ ಉಜ್ಜಿದಳು. ಗಂಡ ಮುಖ ದಪ್ಪ ಮಾಡಿಕೊಂಡು ಹೊರಗೆ ಹೋದ. ಪೆಟ್ಟಿಗೆ ಮಾತ್ರ ಅಲ್ಲೇ ಇತ್ತು.

ಮರಿಗಳು ಬಂದ ದಿನ ಮಾತ್ರ ಎಲ್ಲ ಮರೆತುಹೋಯಿತು. ಸಿಪ್ಪೆಯಲ್ಲಿ ಸೂಜಿಮೊನೆಯಷ್ಟು ತೂತು, ತೂತಿನಲ್ಲಿ ಕೊಕ್ಕು, ಆಮೇಲೆ ಒದ್ದೆಯಾದ ಕತ್ತು. ಮೈ ಒಣಗಿದ ಮೇಲೆ ನೋಡಿದರೆ ಹತ್ತಿಯ ಉಂಡೆಗಳು! ಗಂಡ ಅವನ್ನು ರಟ್ಟಿನ ಡಬ್ಬಿಗೆ ಹಾಕಿ, ಬಲ್ಬು ಇಳಿಬಿಟ್ಟು, ಅಡುಗೆಮನೆಯ ಮೂಲೆಯಲ್ಲಿಟ್ಟ. ಉಂಡೆ ಚಪ್ಪಾಳೆ ತಟ್ಟಿ ಕುಣಿದಳು. ಒಂದು ಮರಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಅದರ ಕೊಕ್ಕಿಗೆ ಮುತ್ತು ಕೊಟ್ಟಳು. ಆಮೇಲೆ ಎಂದಿನಂತೆ ಎರಡು ಬೆರಳು ಬಾಯಿಗೆ.

"ಬೇಡ ಪುಟ್ಟಾ, ಬಿಡು," ಎಂದಳು ತಾಯಿ.

"ಬಿಡೇ, ಮಗು ಖುಷಿಪಡ್ಲಿ. ನಿನ್ನದೊಂದು ಗೋಳು."

ಮಗಳ ನಗು ನೋಡಿ ಅವಳಿಗೂ ನಗು ಬಂತು. ದಿನವೂ ಹೆದರಿ ಹೆದರಿ ಅವಳಿಗೂ ಸಾಕಾಗಿತ್ತು. ಆವತ್ತು ಅವಳು ಮಗುವಿನ ಕೈ ತೊಳೆಯಲಿಲ್ಲ.

ಎರಡು ಮೂರು ದಿನ ಕಳೆದಿರಬೇಕು. ಬೆಳಿಗ್ಗೆ ಉಂಡೆ ಏಳಲಿಲ್ಲ. ಮೈ ಮುಟ್ಟಿದರೆ ಕಾದ ಇಸ್ತ್ರಿಪೆಟ್ಟಿಗೆ. ಭೇದಿ ಶುರುವಾಯಿತು, ನಿಲ್ಲಲಿಲ್ಲ. "ಹಲ್ಲು ಬರ್ತಿರಬೇಕು," ಎಂದ ಗಂಡ. ಮಧ್ಯಾಹ್ನಕ್ಕೆ ವಾಂತಿಯೂ ಸೇರಿತು. "ಸಂಜೆವರೆಗೆ ನೋಡೋಣ," ಎಂದ. ಹಾಗೆ ಹೇಳುವಾಗ ಅವನ ದನಿ ತೆಳ್ಳಗಾಗಿತ್ತು. ಅವನು ಹೆಂಡತಿಯ ಮುಖ ನೋಡುತ್ತಿರಲಿಲ್ಲ.

ಟೈಲರಮ್ಮ ಮಗುವಿನ ಚಡ್ಡಿ ಬದಲಿಸಲು ಬಿಚ್ಚಿದಳು. ಅದರಲ್ಲಿ ಕೆಂಪು ಎಳೆ ಇತ್ತು. ದಾರದ ಹಾಗೆ. ದಿನವಿಡೀ ದಾರ ನೋಡುವ ಅವಳು ಒಂದು ಕ್ಷಣ ಅದು ದಾರವೇ ಎಂದುಕೊಂಡಳು, ಆಮೇಲೆ ಬೆಳಕಿಗೆ ಹಿಡಿದು ನೋಡಿದಳು. ರಕ್ತ. ಮಗು ಅಳುತ್ತಿತ್ತು, ಆದರೆ ಕಣ್ಣಲ್ಲಿ ನೀರಿರಲಿಲ್ಲ. ಬಾಯಿ ಅಳುವ ಆಕಾರಕ್ಕೆ ತೆರೆಯುತ್ತಿತ್ತು, ಸದ್ದು ಬೆಕ್ಕಿನ ಮರಿಯದು. ತುಟಿ ಒಣಗಿ ಬಿಳಿಚಿತ್ತು.

ಅವಳು ಚಪ್ಪಲಿಯನ್ನೂ ಮೆಟ್ಟದೆ ಮಗುವನ್ನೆತ್ತಿಕೊಂಡು ಲಸಿಕೆಯಕ್ಕನ ಮನೆಗೆ ಓಡಿದಳು. ಲಸಿಕೆಯಕ್ಕ ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ಚರ್ಮ ಮಡಿಕೆಯಾಗಿ ನಿಂತು, ನಿಧಾನಕ್ಕೆ ಇಳಿಯಿತು.

"ಮೈಯಲ್ಲಿ ನೀರು ಬತ್ತಿದೆ. ಈಗಲೇ ಆಸ್ಪತ್ರೆಗೆ. ನಾನು ಕೋಳಿ ಡಾಕ್ಟರ ಕೈಕೆಳಗಿನವಳು, ಮಗುವಿಗೆ ಔಷಧ ಹೇಳೋಳಲ್ಲ." ಹೇಳುತ್ತಲೇ ಅವಳು ಓಆರ್‌ಎಸ್ ಪೊಟ್ಟಣ ಒಡೆದು, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿದಳು. "ದಾರಿಯುದ್ದಕ್ಕೂ ಚಮಚ ಚಮಚ ಕುಡಿಸ್ತಾ ಇರು. ವಾಂತಿ ಆದ್ರೆ ಸ್ವಲ್ಪ ಹೊತ್ತು ತಡೆದು ಮತ್ತೆ ಕೊಡು. ಗಟಗಟ ಅಂತ ಬೇಡ."

ಆಟೋದಲ್ಲಿ ಟೈಲರಮ್ಮ ಒಂದು ಚಮಚ ಕುಡಿಸಿದರೆ ಅರ್ಧ ಹೊರಗೆ ಬರುತ್ತಿತ್ತು. ಹಿಂದೆಯೇ ಓಡಿಬಂದಿದ್ದ ಗಂಡ ಪಕ್ಕದಲ್ಲಿ ಲೋಟ ಹಿಡಿದು ಕೂತಿದ್ದ. ರಸ್ತೆಯ ಪ್ರತಿ ಕುಲುಕಿಗೂ ಲೋಟ ತುಳುಕುತ್ತಿತ್ತು. "ಉಂಡೇ, ನೋಡಿಲ್ಲಿ, ಅಪ್ಪ," ಎನ್ನುತ್ತಿದ್ದ. ಮಗು ನೋಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಮಗುವಿನ ಕೈಯಲ್ಲಿ ನರ ಹುಡುಕಿದರು. ಸಿಗಲಿಲ್ಲ. ಇನ್ನೊಂದು ಕೈಯಲ್ಲೂ ಸಿಗಲಿಲ್ಲ. ಕೊನೆಗೆ ಕಾಲಲ್ಲಿ ಸಿಕ್ಕಿತು. ಸೂಜಿ ಚುಚ್ಚಿದರೂ ಮಗು ಕಾಲೆಳೆದುಕೊಳ್ಳಲಿಲ್ಲ. ಇದನ್ನು ಕಂಡು ಟೈಲರಮ್ಮನ ಜೀವ ಬಾಯಿಗೆ ಬಂತು. ಚುಚ್ಚಿದರೆ ಅಳುವುದೇ ಒಂದು ಭಾಗ್ಯ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಎಲ್ಲ ಕೇಳಿದರು. ಏನು ತಿಂದಳು, ಯಾವ ನೀರು, ಯಾವಾಗಿನಿಂದ. ಆಮೇಲೆ ಕೇಳಿದರು, "ಮನೇಲಿ ಕೋಳಿ ಏನಾದ್ರೂ ಇದೆಯಾ? ಮರಿ?"

ಗಂಡನ ಮುಖದಲ್ಲಿ ರಕ್ತವೇ ಇಳಿದುಹೋಯಿತು. ಟೈಲರಮ್ಮನೇ ಹೇಳಿದಳು, ಪೆಟ್ಟಿಗೆ ಎಲ್ಲಿತ್ತು, ಮೊಟ್ಟೆ ಹೇಗೆ ಒಡೆಯಿತು, ಮಗು ಹೇಗೆ ಮುತ್ತಿಟ್ಟಿತು ಎಂದು. ಒಂದನ್ನೂ ಮುಚ್ಚಿಡಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು. ಮಲ ಪರೀಕ್ಷೆಗೆ ಕಳಿಸ್ತೀನಿ," ಎಂದರು ಡಾಕ್ಟರಮ್ಮ. "ಇವತ್ತು ಹುಷಾರಾಗಿ ನೋಡ್ಕೋಬೇಕು. ರೋಗಾಣು ಹೊಟ್ಟೆಯಿಂದ ರಕ್ತಕ್ಕೆ ಇಳಿದ್ರೆ ಕಷ್ಟ. ಚಿಕ್ಕ ಮಕ್ಕಳಲ್ಲಿ ಹಾಗಾಗುತ್ತೆ."

ಆ ಮಾತು ಕೇಳಿದ ಮೇಲೆ ಗಂಡ ಎದ್ದು ಹೊರಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಟೈಲರಮ್ಮ ಬಾಗಿಲಿನಿಂದ ಇಣುಕಿದಳು. ಮೊಗಸಾಲೆಯ ಕೊನೆಯಲ್ಲಿದ್ದ ನಲ್ಲಿಯ ಹತ್ತಿರ ಅವನು ನಿಂತಿದ್ದ. ಕೈಗೆ ಸೋಪು ಹಚ್ಚಿ ಉಜ್ಜುತ್ತಿದ್ದ, ತೊಳೆಯುತ್ತಿದ್ದ, ಮತ್ತೆ ಸೋಪು ಹಚ್ಚುತ್ತಿದ್ದ. ಬೆರಳ ಗೆಣ್ಣೆಲ್ಲ ಕೆಂಪಾಗಿತ್ತು. ಅವನನ್ನು ಬೈಯಬೇಕೆಂದು ಅವಳು ಹೊತ್ತುಕೊಂಡಿದ್ದ ಮಾತೆಲ್ಲ ಅಲ್ಲೇ ಉದುರಿಹೋಯಿತು. ಅವಳು ಹತ್ತಿರ ಹೋಗಿ ನಲ್ಲಿ ನಿಲ್ಲಿಸಿದಳು.

"ಬನ್ನಿ. ಮಗು ಹತ್ತಿರ ಇರಿ."

ಡ್ರಿಪ್ಪಿನ ಬಾಟಲಿಯಿಂದ ಹನಿ ಹನಿಯಾಗಿ ನೀರು ಇಳಿಯಿತು. ಇಬ್ಬರೂ ಮಂಚದ ಎರಡು ಬದಿಯಲ್ಲಿ ಕೂತು ಆ ಹನಿಯನ್ನೇ ನೋಡಿದರು. ಹನಿ ನಿಂತರೆ ಉಸಿರು ನಿಂತಂತಾಗುತ್ತಿತ್ತು. ಮರುದಿನವೂ ಜ್ವರ ಇಳಿಯಲಿಲ್ಲ. ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಸಿಕ್ಕಿತು. ಔಷಧ ಶುರುವಾಯಿತು. ಅದರ ಮಾರನೇ ದಿನ ನರ್ಸು ಬಂದು ಕಾಲಿನ ಪಟ್ಟಿ ಬದಲಿಸುವಾಗ ಉಂಡೆ ಕಾಲು ಝಾಡಿಸಿ, ಕಿರುಚಿ ಅತ್ತಳು. ಕೆನ್ನೆಯ ಮೇಲೆ ದಪ್ಪ ದಪ್ಪ ಕಣ್ಣೀರು ಇಳಿಯಿತು.

"ಅಳ್ತಿದಾಳೆ ಕಣೇ! ನೀರು ಬಂತು!" ಎಂದು ಗಂಡ ಕೂಗಿದ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಮಗಳು ಅತ್ತದ್ದಕ್ಕೆ ಕುಣಿಯುವ ಅಪ್ಪನನ್ನು ಅವರು ಎಲ್ಲಿ ಕಂಡಿದ್ದರು!

ಉಂಡೆ ಗುಣವಾಗಿ ಮನೆಗೆ ಬಂದ ದಿನವೇ ಅವನು ಸುತ್ತಿಗೆ ಎತ್ತಿಕೊಂಡ. "ಈ ದರಿದ್ರ ಪೆಟ್ಟಿಗೆ ಪುಡಿ ಮಾಡ್ತೀನಿ. ಮರಿಗಳನ್ನೂ ಎಲ್ಲಾದ್ರೂ ಬಿಟ್ಟು ಬರ್ತೀನಿ."

ಅಷ್ಟು ದಿನ ಮರಿಗಳಿಗೆ ಕಾಳುನೀರು ಹಾಕುತ್ತಿದ್ದವಳು ಲಸಿಕೆಯಕ್ಕ. ಅವಳು ಅಡ್ಡ ನಿಂತಳು. "ಕಂಡಕಂಡಲ್ಲಿ ಬಿಟ್ರೆ ಇನ್ನೊಬ್ಬರ ಮಗು ಎತ್ತಿ ಮುದ್ದಾಡುತ್ತೆ ಅಣ್ಣ. ಪೆಟ್ಟಿಗೆ ತಪ್ಪೇನು, ಮರಿ ತಪ್ಪೇನು? ಜಾಗ ತಪ್ಪು. ಸೋಪು ಇಲ್ಲದ್ದು ತಪ್ಪು."

ಅವನು ಸುತ್ತಿಗೆ ಇಳಿಸಿದ. ಆಮೇಲೆ ಮೆಲ್ಲಗೆ, "ಏನು ಮಾಡಬೇಕು ಹೇಳಿ ಅಕ್ಕ. ಈ ಸಲ ನೀವು ಹೇಳಿದ ಹಾಗೇ," ಎಂದ.

ಮನೆಯ ಹಿಂದೆ ಹಳೇ ಫ್ಯಾನುಗಳ ಶೆಡ್ಡಿತ್ತು. ಅದನ್ನು ಖಾಲಿ ಮಾಡಿ ಪೆಟ್ಟಿಗೆಯನ್ನೂ ಮರಿಗಳನ್ನೂ ಅಲ್ಲಿಗೆ ಸಾಗಿಸಿದರು. ಮಗು ಒಳಗೆ ಹೋಗದಂತೆ ಎತ್ತರಕ್ಕೆ ಚಿಲಕ. ಶೆಡ್ಡಿಗೆಂದೇ ಬೇರೆ ಚಪ್ಪಲಿ, ಬೇರೆ ಬಟ್ಟೆ, ಬೇರೆ ಬಕೆಟ್ಟು. ಬಾಗಿಲ ಪಕ್ಕದಲ್ಲೇ ನೀರಿನ ಡ್ರಮ್ಮು, ದಾರ ಕಟ್ಟಿದ ಸೋಪು. ಅಡುಗೆಮನೆಯ ಕಟ್ಟೆಯನ್ನು ಅವನೇ ಮಂಡಿಯೂರಿ, ಸಂದು ಸಂದೂ ಬಿಡದೆ ತೊಳೆದು, ಬ್ಲೀಚಿಂಗ್ ನೀರಿನಲ್ಲಿ ಒರೆಸಿದ. ಮುಂದಿನ ಸಲ ಕಾವಿಗಿಡಲು ಹಿಕ್ಕೆ ಮೆತ್ತಿದ ಮೊಟ್ಟೆ, ಬಿರುಕು ಬಿಟ್ಟ ಮೊಟ್ಟೆ ಒಂದನ್ನೂ ಆರಿಸಲಿಲ್ಲ. ಟಾರ್ಚ್ ಹಿಡಿದು ನೋಡಿ, ಕೆಟ್ಟದ್ದನ್ನು ತೆಗೆದು ಗುಂಡಿ ತೋಡಿ ಹೂತ.

ಉಂಡೆ ಈಗ ಮರಿಗಳನ್ನು ಜಾಲರಿಯ ಆಚೆಯಿಂದ, ಅಪ್ಪನ ಸೊಂಟದ ಮೇಲೆ ಕೂತು ನೋಡುತ್ತಾಳೆ. ಕೈ ಚಾಚಿದರೆ ಅಪ್ಪ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಟೈಲರಮ್ಮನಿಗೆ ಮಾತ್ರ ಮಗಳು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೂ ಇವತ್ತಿಗೂ ಕೈಕಾಲು ಆಡುವುದಿಲ್ಲ. ಹಣೆ ಮುಟ್ಟುತ್ತಾಳೆ, ಉಸಿರು ನೋಡುತ್ತಾಳೆ, ಆಮೇಲೆಯೇ ಮಿಷನ್ನಿಗೆ ಹೋಗಿ ಕೂರುವುದು.

ಅಣ್ಣಂದಿರೇ, ಅಕ್ಕಂದಿರೇ, ಆ ಭಯ ನಿಮ್ಮ ಮನೆಗೆ ಬರುವುದು ಬೇಡ. ಮನೆಯಲ್ಲಿ ಮರಿ ಮಾಡಿಸಿ, ಅದು ಒಳ್ಳೆಯ ಕೆಲಸವೇ. ಆದರೆ ಅಡುಗೆಮನೆಯಲ್ಲಿ ಬೇಡ, ಮಲಗುವ ಕೋಣೆಯಲ್ಲೂ ಬೇಡ. ಮೊಟ್ಟೆ, ಮರಿ, ಪೆಟ್ಟಿಗೆ, ಯಾವುದನ್ನು ಮುಟ್ಟಿದರೂ ಸೋಪು ಹಚ್ಚಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಮರಿ ಕೊಡಬೇಡಿ. ಬಸುರಿಯರು, ವಯಸ್ಸಾದವರು, ಕಾಯಿಲೆಯಿಂದ ಸೊರಗಿದವರೂ ದೂರವಿರಲಿ. ಮುದ್ದು ಬಂದರೂ ಮುತ್ತು ಯಾರಿಗೂ ಬೇಡ. ಮಗುವಿಗೆ ಭೇದಿಯ ಜೊತೆ ಜ್ವರ ಬಂದರೆ, ರಕ್ತ ಕಂಡರೆ, ಅಳುವಾಗ ಕಣ್ಣೀರು ಬರದಿದ್ದರೆ, ಸಂಜೆವರೆಗೆ ನೋಡೋಣ ಎನ್ನಬೇಡಿ, ಆಗಲೇ ಹೊರಡಿ. ಮನೆಯಲ್ಲಿ ಕೋಳಿ ಇದೆ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ.

ಇದನ್ನು ಓದಿ ಮುಗಿಸಿದ ಕೂಡಲೇ ಒಂದು ಸಲ ಎದ್ದು ನಿಮ್ಮ ಅಡುಗೆಮನೆಗೆ ಹೋಗಿ ಬನ್ನಿ. ಅಲ್ಲಿ ಮರಿಯ ಡಬ್ಬಿಯೋ ಕಾವಿನ ಪೆಟ್ಟಿಗೆಯೋ ಇದ್ದರೆ, ನಾಳೆಗೆ ಬಿಡಬೇಡಿ. ಈಗಲೇ ಹೊರಗಿಡಿ.