ಎಡಗಾಲು ಐದು, ಬಲಗಾಲು ಆರು

ನನ್ನ ಚಿಕ್ಕಮ್ಮ ಇಪ್ಪತ್ತೆಂಟು ವರ್ಷ ಒಂದೇ ಚಪ್ಪಲಿ ಅಂಗಡಿಯಲ್ಲಿ ಊರವರ ಪಾದ ಅಳೆದಳು. ಆ ಕಂಪನಿಗೆ ಆಗ ಹದಿನಾಲ್ಕು ಅಂಗಡಿಗಳು. ಎಲ್ಲದರಲ್ಲೂ ಅದೇ ಹಸಿರು ಬೋರ್ಡು, ಅದೇ ಗಿಡ್ಡ ಸ್ಟೂಲು, ಅದೇ ಮರದ ಅಳತೆಪಟ್ಟಿ. ಶಾಲೆ ಶುರುವಾಗುವ ವಾರ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೊಸ ಚರ್ಮದ ವಾಸನೆ, ಡಬ್ಬಿಯೊಳಗಿನ ತೆಳು ಕಾಗದದ ಸರಸರ, ಹೊಸ ಶೂ ಹಾಕಿಕೊಂಡು ಬಾಗಿಲ ತನಕ ಓಡುವ ಮಕ್ಕಳು. ಚಿಕ್ಕಮ್ಮ ಹೆಬ್ಬೆರಳು ಒತ್ತಿ ನೋಡಿ, "ಕಚ್ಚುತ್ತೆ, ಬೇಡ" ಅಂದರೆ ಯಾವ ಅಪ್ಪ ಅಮ್ಮನೂ ಮರುಮಾತಾಡುತ್ತಿರಲಿಲ್ಲ.

ಅವಳ ಗಿರಾಕಿಗಳಲ್ಲಿ ಒಬ್ಬರು ಹೊಲಿಗೆ ಟೀಚರು. ಎಡಗಾಲು ಐದು, ಬಲಗಾಲು ಆರು. ಪ್ರತಿ ಸಲ ಎರಡೂ ಅಳತೆಯ ಎರಡು ಜೊತೆ ಕೊಂಡು, ಒಂದೊಂದರಲ್ಲೂ ಒಂದು ಕಾಲಿನದನ್ನು ಮೂಲೆಗೆ ಎಸೆಯುತ್ತಿದ್ದರು. ಒಂದು ದಿನ ಬಸ್ ಕಂಡಕ್ಟರಮ್ಮನ ಪಾದ ಅಳೆದ ಚಿಕ್ಕಮ್ಮ ಸೀದಾ ಮ್ಯಾನೇಜರ್ ಹತ್ತಿರ ಓಡಿದಳು.

"ಸಾರ್, ಇವರದು ಟೀಚರಿಗೆ ಪೂರಾ ಉಲ್ಟಾ! ಎರಡು ಜೊತೆ ಬಿಚ್ಚಿ ಇಬ್ಬರಿಗೂ ಹಂಚಿಬಿಡೋಣ."

"ನಿಮ್ಮ ತಲೆ ಓಡೋ ಹಾಗೆ ನನ್ನ ಅಂಗಡಿ ಓಡಿದ್ರೆ ಸಾಕಮ್ಮ" ಎಂದು ಅವರು ನಕ್ಕು ಒಪ್ಪಿದರು.

ಹತ್ತೊಂಬತ್ತು ವರ್ಷ ಹಾಗೇ ನಡೆಯಿತು. ಟೀಚರು ಆರಿಸುವುದು, ಉಳಿದದ್ದು ಕಂಡಕ್ಟರಮ್ಮನಿಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಆಮೇಲೆ ಜನ ಫೋನಿನಲ್ಲೇ ಚಪ್ಪಲಿ ತರಿಸತೊಡಗಿದರು. ಕಂಪನಿಯವರು ಗಾಬರಿಬಿದ್ದು, ಖರ್ಚು ಇಳಿಸಬೇಕೆಂದು ಸ್ಟೂಲುಗಳನ್ನು ತೆಗೆಸಿದರು. ಅಳೆಯುವವರನ್ನು ಅರ್ಧಕ್ಕರ್ಧ ಮನೆಗೆ ಕಳಿಸಿದರು. ಗಿರಾಕಿಗಳು ಬಂದು, ಶೆಲ್ಫಿನಿಂದ ತಾವೇ ತೆಗೆದು ಹಾಕಿ ನೋಡಿ, ಅಲ್ಲೇ ನಿಂತು ಫೋನಿನಲ್ಲಿ ಅಗ್ಗಕ್ಕೆ ಆರ್ಡರ್ ಮಾಡುತ್ತಿದ್ದರು.

"ಆ ಫೋನಿನವರ ಥರ ಆಗೋಕೆ ಹೋಗಿ ನಮ್ಮ ಥರನೂ ಉಳೀಲಿಲ್ಲ ಕಣೇ" ಅನ್ನುತ್ತಿದ್ದಳು ಚಿಕ್ಕಮ್ಮ. ಒಂದೊಂದಾಗಿ ಹನ್ನೊಂದು ಅಂಗಡಿ ಮುಚ್ಚಿದವು. ಹನ್ನೆರಡನೆಯದು ಅವಳದು.

ಕೊನೆಯ ಶನಿವಾರ ಅವಳು ಟೀಚರು, ಕಂಡಕ್ಟರಮ್ಮ ಇಬ್ಬರಿಗೂ ಫೋನ್ ಮಾಡಿ ಕರೆಸಿದಳು. ಸಾಮಾನು ಹೊರಲು ನಾನೂ ಹೋಗಿದ್ದೆ.

"ನನ್ನ ಇನ್ನರ್ಧ ಹಾಕ್ಕೊಂಡು ಓಡಾಡಿದೋರು ನೀವೇನಾ?" ಎಂದು ಟೀಚರು ಕೈ ಹಿಡಿದರು.

"ನಾನೇ. ಆದ್ರೆ ನಿಮ್ಮ ಆ ಕಂದು ಬಣ್ಣದ ಹುಚ್ಚು ಇದೆಯಲ್ಲ, ಹತ್ತೊಂಬತ್ತು ವರ್ಷ ಸಹಿಸಿದೀನಿ!" ಅಂದರು ಕಂಡಕ್ಟರಮ್ಮ.

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಂಬರು ಬರೆದುಕೊಂಡರು. ತಿರುಗಿ ನೋಡಿದರೆ ಚಿಕ್ಕಮ್ಮ ಇಲ್ಲ. ಒಳಗಿನ ಗೋದಾಮಿನಲ್ಲಿ, ಬರಿದಾದ ಕಪಾಟಿಗೆ ಒರಗಿ ನಿಂತಿದ್ದಳು.

"ಯಾಕೆ ಚಿಕ್ಕಮ್ಮ? ನೀನೇ ತಾನೆ ಸೇರಿಸಿದ್ದು?"

"ಹೂಂ. ಖುಷಿನೂ ಆಗ್ತಿದೆ, ಹೊಟ್ಟೆಕಿಚ್ಚೂ ಆಗ್ತಿದೆ. ಇನ್ಮೇಲೆ ಅವರಿಗೆ ನಾನು ಬೇಕಾಗಲ್ಲವಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ಬಂದಳು.

ಈಗ ಅವರಿಬ್ಬರೂ ಫೋನಿನಲ್ಲೇ ಎರಡು ಜೊತೆ ತರಿಸಿ ಹಂಚಿಕೊಳ್ಳುತ್ತಾರೆ, ಬಣ್ಣಕ್ಕೆ ಜಗಳವಾಡುತ್ತಾರೆ. ಚಿಕ್ಕಮ್ಮ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದಗಳ ಅಳತೆ ತೆಗೆಯುತ್ತಾಳೆ. ಅಲ್ಲಿ ಅವಳಿಗೆ ಒಳ್ಳೆಯ ಹೆಸರಿದೆ.

"ಕೆಲಸ ಹಿಡಿಸ್ತಾ?" ಅಂತ ಕೇಳಿದೆ.

"ಚೆನ್ನಾಗೇ ಇದೆ" ಅಂದಳು. "ಆದ್ರೆ ಅಲ್ಲಿ ಯಾರೂ ಹೊಸ ಶೂ ಹಾಕ್ಕೊಂಡು ಬಾಗಿಲ ತನಕ ಓಡಿ ತೋರಿಸಲ್ಲ ಕಣೇ."