ಚಕ್ರದಡಿಯ ನಿಂಬೆಹಣ್ಣು

ರೇನರ್ಸ್ ಲೇನ್ ಬಡಾವಣೆಯ ಆ ಅಡ್ಡರಸ್ತೆ ಅಲ್ಲಿನ ನಗರಸಭೆಯಾದ ಕೌನ್ಸಿಲ್‌ಗೆ ಸೇರಿದ್ದಲ್ಲ, ಅಲ್ಲಿನ ಮನೆಯವರದ್ದೇ. ಅಸೋಸಿಯೇಷನ್ನಿನ ಸೆಕ್ರೆಟರಿ ಉಮಾಶಂಕರ ಮನೆಮನೆಯ ಬಾಗಿಲು ತಟ್ಟಿ, ಗೋಗರೆದು, ಜಗಳವಾಡಿ ವಂತಿಗೆ ಎತ್ತಿ ಅಂತೂ ಡಾಂಬರು ಹಾಕಿಸಿದ್ದ. ಮರುದಿನ ಸಂಜೆಯವರೆಗೆ ಯಾರೂ ಗಾಡಿ ಇಳಿಸಕೂಡದೆಂದು ಗ್ರೂಪಿನಲ್ಲಿ ಕಟ್ಟಪ್ಪಣೆಯನ್ನೂ ಹೊರಡಿಸಿದ. ಕೋಲೂರಿ ನಡೆಯುವ ಎದುರುಮನೆಯ ಮುದುಕ ಆಲನ್ ಕೂಡ ಕಾರನ್ನು ಮೇನ್‌ರೋಡಿನಲ್ಲೇ ಬಿಟ್ಟು, ಸಾಮಾನಿನ ಚೀಲ ಹೊತ್ತು ನಡೆದು ಬಂದ.

ಆದರೆ ಸೆಕ್ರೆಟರಿ ಸಾಹೇಬರ ಹೊಸ ಕಾರಿನ ಪೂಜೆಗೆ ಮರುದಿನ ಬೆಳಗ್ಗೆಯೇ ಮುಹೂರ್ತ.

“ರಾಹುಕಾಲ ಬರೋಕ್ಮುಂಚೆ ಒಂದ್ಸಲ ಗೇಟಿಂದಾಚೆ ತೆಗೀರಿ. ಯಾರ್ ನೋಡ್ತಾರೆ?” ಎಂದಳು ಹೆಂಡತಿ ಕಾಮಾಕ್ಷಿ.

ಚಕ್ರದಡಿಯ ನಿಂಬೆಹಣ್ಣುಗಳನ್ನು ಹಿಚುಕಿಕೊಂಡು ಕಾರು ರಸ್ತೆಗಿಳಿಯಿತು. ವಾಪಸು ತಿರುಗಿಸಲು ಅವನು ನಿಂತಲ್ಲೇ ಸ್ಟಿಯರಿಂಗ್ ಎಳೆದ. ಹಸಿ ಡಾಂಬರು ಚಕ್ರಕ್ಕಂಟಿ ಕಿತ್ತುಬಂತು.

ಮಧ್ಯಾಹ್ನ ಗ್ರೂಪಿನಲ್ಲಿ ಗುಲ್ಲೆದ್ದಾಗ, ‘ಯಾವನೋ ಡೆಲಿವರಿ ವ್ಯಾನಿನವನ ಕೆಲಸ, ನಾಚಿಕೆಗೆಟ್ಟವನು’ ಎಂದು ಮೊದಲು ಬರೆದವನು ಉಮಾಶಂಕರನೇ.

ಸಂಜೆ ಆಲನ್ ಬಂದು ಬೆಲ್ ಒತ್ತಿದ. ಟಿಶ್ಯೂನಲ್ಲಿ ಸುತ್ತಿದ್ದೊಂದನ್ನು ಉಮಾಶಂಕರನ ಕೈಗಿಟ್ಟ. ಡಾಂಬರು ಮೆತ್ತಿಕೊಂಡಿದ್ದ, ಕುಂಕುಮ ಹಚ್ಚಿದ ಅರ್ಧ ನಿಂಬೆಹಣ್ಣು.

“ಕಿತ್ತುಹೋದ ಜಾಗದಲ್ಲೇ ಬಿದ್ದಿತ್ತು. ಬೇರೆಯವರು ನೋಡೋಕೆ ಮುಂಚೆ ಎತ್ಕೊಂಡೆ,” ಎಂದು ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ ಹೊರಟ.

ನೆಟ್ಟಗೆ ನಿಲ್ಲಲೂ ಕೋಲು ಬೇಕಾದ ಆ ಮುದುಕ ಅಷ್ಟು ಕೆಳಕ್ಕೆ ಹೇಗೆ ಬಗ್ಗಿದನೋ! ಉಮಾಶಂಕರನಿಗೆ ತಲೆ ಎತ್ತಲಾಗಲಿಲ್ಲ.